ಕೂಲಂಟ್ ಡಬ್ಬದ ಬಿಳಿ ಚೂರು

ಯಂತ್ರ ಕೆಟ್ಟು ನಿಂತರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಸಂಬಳ ಕೊಡುವವರ ಮುಂದೆ ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ನಾನೂ ಮುಖ ಸಪ್ಪಗೆ ಮಾಡಿಕೊಳ್ಳುತ್ತೇನೆ. ಕೈ ಮಾತ್ರ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿರುತ್ತದೆ. ಓಡುತ್ತಿರುವ ಯಂತ್ರದ ಹತ್ತಿರ ಕೇಳುವುದಕ್ಕೆ ಏನಿರುತ್ತದೆ? ನಿಂತಾಗಲೇ ಅದರ ಹೊಟ್ಟೆಯೊಳಗೆ ಇಣುಕಲು ಒಂದು ನೆಪ ಸಿಗುವುದು.

ಈ ಚಟ ಅಪ್ಪನಿಂದ ಬಂದದ್ದು. ತೊಂಬತ್ತರ ದಶಕದಲ್ಲಿ ಗುಬ್ಬಿಯಲ್ಲಿ ಅಪ್ಪನದೊಂದು ಪಂಪ್‌ಸೆಟ್ ರಿಪೇರಿ ಶೆಡ್ಡು ಇತ್ತು. ಕಡಬದ ಕಡೆಯ ತೆಂಗಿನ ತೋಟಗಳಿಂದ ಕರೆ ಬಂದರೆ ಮೊಪೆಡ್ಡಿನ ಮೇಲೆ ಸಾಮಾನು ಕಟ್ಟಿಕೊಂಡು ಇಬ್ಬರೂ ಹೋಗುತ್ತಿದ್ದೆವು. ಪಂಪನ್ನು ಬಿಚ್ಚುವ ಮೊದಲು ಅಪ್ಪ ಪೈಪಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ನೀರು ತುಂಬಿ ಹೋಗುತ್ತಿದೆಯೋ, ಗಾಳಿ ಸೇರಿಕೊಂಡು ಹೋಗುತ್ತಿದೆಯೋ ಅಂಗೈಗೇ ತಿಳಿಯುತ್ತಿತ್ತಂತೆ. "ಕೈ ಮಡಗು, ಕಣ್ ಮುಚ್ಕೊ" ಅನ್ನುತ್ತಿದ್ದರು. ಪೈಪು ನಡುಗುವುದು ಬಿಟ್ಟರೆ ಮೊದಮೊದಲು ನನಗೆ ಬೇರೇನೂ ತಿಳಿಯುತ್ತಿರಲಿಲ್ಲ. ಆಮೇಲಾಮೇಲೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು, ಅಥವಾ ತಿಳಿಯಿತು ಅಂತ ನಾನು ನಂಬಿಕೊಂಡೆ.

ಪೈಪು ಜೋಡಿಸುವುದರಲ್ಲಿ ಅಪ್ಪನಿಗೆ ಒಂದು ಹಟವಿತ್ತು. ತಿರುಪಿನ ಮೇಲೆ ಸೆಣಬಿನ ನಾರು ಬಿಗಿಯಾಗಿ ಸುತ್ತಬೇಕು, ಅದರ ಮೇಲೆ ಸಫೇದ ಮೆತ್ತಬೇಕು, ಆಮೇಲೆ ಪೈಪು ಏರಿಸಬೇಕು. ಸಫೇದ ಅಂದರೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ, ಮುಟ್ಟಿದರೆ ಬೆಣ್ಣೆಯ ಹಾಗೆ. ಆಗಲೇ ಪೇಟೆಗೆ ತೆಳ್ಳನೆಯ ಬಿಳಿ ಟೇಪು ಬಂದಿತ್ತು, ಎಲ್ಲರೂ ಅದನ್ನೇ ಸುತ್ತುತ್ತಿದ್ದರು. ಅಪ್ಪ ಅದನ್ನು ಮೂಸಿಯೂ ನೋಡಲಿಲ್ಲ. "ಅದು ಜಡೆಗೆ ಕಟ್ಟೋ ಟೇಪು ಕಣೋ, ಪೈಪಿಗಲ್ಲ" ಅನ್ನುತ್ತಿದ್ದರು. ಅವರು ಹಾಕಿದ ಜಾಯಿಂಟು ಸೋರಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತಾಗಲೂ ಅವರ ಬೆರಳುಗಳಿಂದ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು.

ಅಪ್ಪನಿಗೆ ಸೊಂಟ ಹಿಡಿದು ಶೆಡ್ಡು ಮುಚ್ಚಿದ ಮೇಲೆ ನಾನು ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿ ಸೇರಿದೆ. ಗುಬ್ಬಿಯಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಸಿಕ್ಕಿದ ಬಸ್ಸು. ಹುಟ್ಟುಹಬ್ಬದ ಶುಭಾಶಯದ ಮುಖಗಳನ್ನು ಆಳೆತ್ತರಕ್ಕೆ ಮುದ್ರಿಸಿ ಮುದ್ರಿಸಿ ಬೇಸತ್ತು ಹೋಗಿದ್ದೆ. ಎರಡು ಸಾವಿರದ ಆ ಮೊದಲ ದಶಕ ಮುಗಿಯುತ್ತ ಬಂದ ಹೊತ್ತಿಗೆ ನಮ್ಮ ಯಜಮಾನರು ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಯುವಿ ಪ್ರಿಂಟರ್ ತಂದರು. ಯಜಮಾನರು ಹಣೆ ತುಂಬ ವಿಭೂತಿ ಇಡುವ ಮನುಷ್ಯ, ಮೊದಲು ಕೊಬ್ಬರಿ ವ್ಯಾಪಾರದಲ್ಲಿದ್ದವರು. ಗಿಟುಕು ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಅಭ್ಯಾಸದಿಂದಲೋ ಏನೋ, ಮೆಷಿನ್ನು ಲಾರಿಯಿಂದ ಇಳಿದ ಕೂಡಲೇ ಅದರ ಮಗ್ಗುಲಿಗೆ ಎರಡು ಸಲ ತಟ್ಟಿ ಕಿವಿಗೊಟ್ಟರು. "ಒಳ್ಳೇ ಮಾಲು" ಅಂದರು.

ಜೋಡಿ ಮಂಚಕ್ಕಿಂತ ದೊಡ್ಡ ಮೇಜು ಅದು. ಗಾಜು, ಟೈಲ್ಸು, ಪ್ಲೈವುಡ್ಡು, ಏನು ಮಲಗಿಸಿದರೂ ಅದರ ಮೇಲೆ ಚಿತ್ರ ಮೂಡಿಸುತ್ತಿತ್ತು. ಆ ಇಂಕು ತಾನಾಗಿ ಒಣಗುವಂಥದ್ದಲ್ಲ. ಹಿಂದೆಯೇ ಒಂದು ನೇರಳೆ ದೀಪ ಓಡಿಬಂದು ಬೆಳಕು ಬಿಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ದೀಪ ವಿಪರೀತ ಕಾಯುತ್ತದೆ, ಅದಕ್ಕೆ ಅದರ ಬೆನ್ನಿಗೆ ತಣ್ಣನೆಯ ನೀರು ಹರಿಯುತ್ತಿರಬೇಕು. ಒಂದು ಡಬ್ಬದಲ್ಲಿ ನೀರು, ಅಲ್ಲಿಂದ ಎಳೆಯುವ ಅಂಗೈಯಗಲದ ಪಂಪು, ಬೆರಳು ಗಾತ್ರದ ಟ್ಯೂಬು, ಬಿಸಿಯಾದ ನೀರನ್ನು ಆರಿಸುವುದಕ್ಕೆ ಕಾರಿಗಿರುವಂಥದ್ದೇ ರೇಡಿಯೇಟರು, ಫ್ಯಾನು, ಮತ್ತೆ ಡಬ್ಬ. ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದೊಡ್ಡ ವಿಲಾಯಿತಿ ಯಂತ್ರದ ಹೊಟ್ಟೆಯಲ್ಲಿ ನಮ್ಮ ಗುಬ್ಬಿಯ ಪಂಪ್‌ಸೆಟ್ಟೇ ಕೂತಿತ್ತು!

ಅಂಗಡಿಯಲ್ಲಿ ನಾವಿಬ್ಬರೇ ಕೆಲಸದವರು. ನಾನು, ಮತ್ತು ಊರ್ಡಿಗೆರೆಯಿಂದ ಬರುತ್ತಿದ್ದ ಒಬ್ಬ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಕಸ ಗುಡಿಸುವುದರಿಂದ ಹಿಡಿದು ಗಾಜು ಒರೆಸಿ ಮಲಗಿಸುವುದು, ಮುದ್ರಿಸಿದ್ದನ್ನು ಕಟ್ಟುವುದು, ಬೆಳಿಗ್ಗೆ ಬಂದ ಕೂಡಲೇ ಮೆಷಿನ್ನಿನ ಡಬ್ಬದಲ್ಲಿ ನೀರಿನ ಮಟ್ಟ ನೋಡಿ ಕಮ್ಮಿಯಿದ್ದರೆ ತುಂಬುವುದು, ಎಲ್ಲ ಅವರದೇ. ನಲ್ಲಿ ನೀರು ಹಾಕುವ ಹಾಗಿಲ್ಲ. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನ ಕ್ಯಾನು, ಅದರಲ್ಲಿ ಬೆರೆಸುವ, ಶಾಖ ಹೀರುವ ಹಸಿರು ದ್ರವ, ಕೂಲಂಟು. ಅಕ್ಕನ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳೊಬ್ಬಳು, ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಹುಡುಗಿ ಒಬ್ಬಳೇ ಟೌನಿಗೆ ಹೋಗಿಬರುವುದು ಬೇಡ ಅಂತ ಮೈದುನನ ಮನೆಯವರು ತಕರಾರು ತೆಗೆದಿದ್ದರು. ತಾಯಿ ಮಗಳು ಒಂದೇ ಬಸ್ಸು ಹತ್ತಿ ಒಂದೇ ಬಸ್ಸಿನಿಂದ ಇಳಿಯುತ್ತಾರೆ ಅನ್ನುವ ಮಾತಿನ ಮೇಲೆ ಕಾಲೇಜು ನಡೆದಿತ್ತು. ಇದನ್ನು ಅಕ್ಕ ಎಷ್ಟೋ ಸಲ ಹೇಳಿಕೊಂಡಿದ್ದರು. "ಈ ಕೆಲ್ಸ ಇರೋವರ್ಗೂ ಅವ್ಳ ಓದು ಅಣ್ಣ" ಅನ್ನುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವನಾದರೂ ನನ್ನನ್ನು ಅಣ್ಣ ಅಂತಲೇ ಕರೆಯುತ್ತಿದ್ದರು.

ಮೆಷಿನ್ನು ಬಂದ ಎರಡನೇ ತಿಂಗಳು ಡಬ್ಬದಿಂದ ಹೊರಡುವ ಕಡೆ, ಹಿತ್ತಾಳೆಯ ತಿರುಪಿನ ಹತ್ತಿರ, ಹನಿ ಹನಿ ಸೋರತೊಡಗಿತು. ನನಗೋ ಹಬ್ಬ. ಮಾರನೇ ದಿನ ಮನೆಯಿಂದ ಅಪ್ಪನ ಹಳೇ ಡಬ್ಬಿ ತಂದು, ನಾರು ಸುತ್ತಿ, ಸಫೇದ ಮೆತ್ತಿ, ತಿರುಪು ಬಿಗಿದೆ. ಹನಿ ನಿಂತೇ ಹೋಯಿತು. ಯಜಮಾನರು ಬೆರಳಿನಿಂದ ಸವರಿ ನೋಡಿ "ಭೇಷ್" ಅಂದರು. ಅವತ್ತು ಸಂಜೆ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದರೂ ಕಾಲು ನೋಯಲಿಲ್ಲ.

ಮೂರು ವಾರ ಕಳೆದಿರಬೇಕು. ಟೈಲ್ಸಿನ ಮೇಲೆ ಚಿತ್ರ ಅರ್ಧ ಮೂಡಿದೆ, ದೀಪ ತಟ್ಟನೆ ಆರಿಹೋಯಿತು. ಕಂಪ್ಯೂಟರಿನ ಪರದೆ ಮೇಲೆ ಕೆಂಪು ಪಟ್ಟಿ: ಕೂಲಂಟ್ ಫ್ಲೋ ಎರರ್. ಅಂದರೆ ನೀರು ಸರಿಯಾಗಿ ಹರಿಯುತ್ತಿಲ್ಲ ಅಂತ ಮೆಷಿನ್ನಿನ ದೂರು. ಮುಚ್ಚಳ ತೆಗೆದು ನೋಡಿದೆ, ನೀರು ಗೆರೆಯವರೆಗೂ ಇದೆ. ಪಂಪು ಗುರ್ ಅನ್ನುತ್ತಿದೆ. ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಓಡಿತು. ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಕೆಂಪು ಪಟ್ಟಿ.

ಬೆಂಗಳೂರಿನ ಸರ್ವಿಸ್ ಎಂಜಿನಿಯರಿಗೆ ಫೋನು ಹಚ್ಚಿದೆ. ಮುಖ ನೋಡದ ಮನುಷ್ಯ, ದನಿ ಮಾತ್ರ ಬಹಳ ಮೆದು. ಒಂದೊಂದಾಗಿ ನೋಡಿಕೊಂಡು ಬನ್ನಿ ಅಂದ. ಮಟ್ಟ, ಫ್ಯಾನು, ರೇಡಿಯೇಟರಿನ ಧೂಳು, ಟ್ಯೂಬಿನ ಮಡಿಕೆ, ಗಾಳಿ ಗುಳ್ಳೆ, ಪಂಪು. ಕೊನೆಯಲ್ಲಿ ಫ್ಲೋ ಸೆನ್ಸರ್ ಇದೆ, ಅದನ್ನು ಮಾತ್ರ ಬಿಚ್ಚಬೇಡಿ ಅಂದ. ಕಡಲೆಬೀಜದಷ್ಟು ಚಿಕ್ಕ ಚಕ್ರವಂತೆ ಅದರೊಳಗೆ. ನೀರು ಹರಿದರೆ ತಿರುಗುತ್ತದೆ, ತಿರುಗದಿದ್ದರೆ ದೀಪ ಆರಿಸುತ್ತದೆ. "ಅದೇನಾದ್ರೂ ಮುರೀತು ಅಂದ್ರೆ ಹೊರದೇಶದಿಂದ ತರಿಸ್ಬೇಕು, ಒಂದು ತಿಂಗಳು ಮೆಷಿನ್ ಮಲಗುತ್ತೆ" ಅಂದ. ಅಷ್ಟು ಹೇಳಿದ್ದೇ ತಡ, ಆ ಚಕ್ರ ಹೇಗಿರಬಹುದು ಅಂತ ನನಗೆ ಊಟ ಸೇರದಂತಾಯಿತು.

ರೇಡಿಯೇಟರಿನ ಹಿಂದೆ ಕೈ ಹಾಕಿದರೆ ಬೆರಳಿಗೆ ಬೂದುಗೆಂಪು ಹಿಟ್ಟು ಮೆತ್ತಿಕೊಂಡಿತು. ಮೂಸಿದೆ. ರಾಗಿ! ಪಕ್ಕದ ಮಳಿಗೆ ಹಿಟ್ಟಿನ ಗಿರಣಿ. ಅಲ್ಲಿ ಬೀಸಿದ್ದೆಲ್ಲ ಗೋಡೆಯ ಮೇಲಿನ ಕಿಂಡಿಯಿಂದ ತೂರಿಬಂದು ನಮ್ಮ ರೇಡಿಯೇಟರಿನ ಸಂದುಗಳಲ್ಲಿ ಕೂತಿತ್ತು. ಬೆಂಗಳೂರಿನ ಎಂಜಿನಿಯರಿಗೆ ಹೇಳಿದರೆ ಅವನು "ರಾಗಿನಾ?" ಅಂತ ಎರಡು ಸಲ ಕೇಳಿ ಜೋರಾಗಿ ನಕ್ಕ. ಬ್ರಷ್ಷು ಹಾಕಿ, ಗಾಳಿ ಊದಿ ತೆಗೆದೆ. ಕಿಂಡಿಗೆ ಹಳೇ ಫ್ಲೆಕ್ಸು ಹೊಡೆದೆ. ಎರಡು ದಿನ ಮೆಷಿನ್ನು ಸದ್ದಿಲ್ಲದೆ ಓಡಿತು. ನಾನು ಗೆದ್ದೆ ಅಂದುಕೊಂಡೆ. ಮೂರನೇ ದಿನ ಕೆಂಪು ಪಟ್ಟಿ. ಆಮೇಲೆ ಹೊಳೆಯಿತು, ಹಿಟ್ಟು ಕೂತರೆ ನೀರು ಬಿಸಿಯಾಗಬೇಕು, ಅದಕ್ಕೆ ಬೇರೆಯೇ ಎರರ್ ಇದೆ. ಇದು ಹರಿವಿನ ದೂರು. ನಾನು ಮುಖ ತೊಳೆದು ಕಾಲು ನೋವು ಹೋಗಲಿ ಅಂದ ಹಾಗಾಗಿತ್ತು.

ಟ್ಯೂಬಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಬೆರಳು ಗಾತ್ರದ ಟ್ಯೂಬಿಗೆ ಇಡೀ ಅಂಗೈ ಯಾಕೆ ಬೇಕು, ಎರಡು ಬೆರಳಿನಲ್ಲಿ ಹಿಡಿದೆ. ಆಗಾಗ ತಡವರಿಸುವಂತೆ ಒಂದು ನಡುಕ. ಗಾಳಿ ಅಂದುಕೊಂಡೆ. ಟ್ಯೂಬನ್ನು ಎತ್ತಿ, ಇಳಿಸಿ, ಬೆರಳಿಂದ ತಟ್ಟಿ, ಒಂದೊಂದೇ ಗುಳ್ಳೆಯನ್ನು ಡಬ್ಬದ ಕಡೆಗೆ ಓಡಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಇದೇ ಕೆಲಸ. ಅಕ್ಕ ಗಾಜು ಒರೆಸುತ್ತಾ ನೋಡುತ್ತಿದ್ದರು. "ಮಗೀಗೆ ಹಾಲ್ ಕುಡ್ಸಿ ಬೆನ್ ತಟ್ದಂಗೆ ತಟ್ತಾ ಇದೀರಲ್ಲಣ್ಣ" ಅಂದರು. ಇಬ್ಬರೂ ನಕ್ಕೆವು. ಅದಾಗಿ ನಾಲ್ಕೇ ದಿನಕ್ಕೆ ನಾನು ಅವರ ಕೆಲಸಕ್ಕೆ ಕುತ್ತು ತಂದೆ.

ಕುಣಿಗಲ್ಲಿನಿಂದ ಯಡಿಯೂರಿಗೆ ಹೋಗುವ ದಾರಿಯಲ್ಲಿ ಹೊಸ ಕಲ್ಯಾಣ ಮಂಟಪವೊಂದು ಎದ್ದಿತ್ತು. ಅದರ ಮುಂಬಾಗಿಲಿನ ದೊಡ್ಡ ಗಾಜುಗಳ ಮೇಲೆ ಬಾಳೆಕಂಬ, ಕಳಶ, ನಾದಸ್ವರದವರು, ಎಲ್ಲವನ್ನೂ ಮುದ್ರಿಸಿ ಕೊಡುವ ಕೆಲಸ ನಮಗೆ ಬಂದಿತ್ತು. ಆ ಸೋಮವಾರ ಮೊದಲನೇ ಗಾಜು ಮುಕ್ಕಾಲು ಮುಗಿದಿತ್ತು. ದೀಪ ಆರಿತು. ಒಣಗದ ಇಂಕು ನಾದಸ್ವರದವರ ಮುಖದಿಂದ ಹರಿದು ಬಾಳೆಕಂಬ ಸೇರಿತು. ಒರೆಸಿ ತೆಗೆಯುವಾಗ ಗಾಜಿನ ಅಂಚು ಮೇಜಿಗೆ ತಾಗಿ ಬಿರುಕು ಬಿಟ್ಟಿತು. ಯಜಮಾನರು ಬಂದು ನೋಡಿದರು. ಬಿರುಕಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಹದಿನೈದ್ ದಿನದಿಂದ ನೋಡ್ತಾ ಇದೀನಿ. ಏನಾಗಿದೆ ಅಂತ ಇವತ್ತು ಹೇಳ್ಬೇಕು ನೀನು" ಅಂದರು.

ಗೊತ್ತಿಲ್ಲ ಅನ್ನಬಹುದಿತ್ತು. ಆ ಎರಡು ಪದ ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ, ಆಗಂತೂ ಬರುತ್ತಲೇ ಇರಲಿಲ್ಲ. ಡಬ್ಬದ ಮುಚ್ಚಳ ಪೂರ್ತಿ ಬಿಚ್ಚಿ ಟಾರ್ಚು ಹಾಕಿದೆ. ತಳದಲ್ಲಿ ಬಿಳಿ ಚೂರುಗಳು. ಅಕ್ಕಿ ನುಚ್ಚಿನಷ್ಟು ಸಣ್ಣವು, ಹತ್ತೋ ಹನ್ನೆರಡೋ. ಕಂಡ ಕೂಡಲೇ ತಲೆಯೊಳಗೆ ದೀಪ ಹತ್ತಿದ ಹಾಗಾಯಿತು. ತುಮಕೂರಿನ ಬೋರ್‌ವೆಲ್ ನೀರು ಯಾರಿಗೆ ಗೊತ್ತಿಲ್ಲ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಆರು ತಿಂಗಳಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ.

"ಗಡಸು ನೀರಿನ ಉಪ್ಪು ಸಾರ್ ಇದು. ಕ್ಯಾನ್ ನೀರಲ್ಲ, ನಲ್ಲಿ ನೀರು ಬಿದ್ದಿದೆ ಇದಕ್ಕೆ" ಅಂದೆ.

ನೀರು ಹಾಕುವವರು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಯಜಮಾನರು ತಿರುಗಿ ನೋಡಿದರು. ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ಕ್ಯಾನಿಂದ್ಲೇ ಹಾಕೋದು ಯಜಮಾನ್ರೇ. ಒಂದ್ ದಿನಾನೂ ನಲ್ಲಿ ನೀರು ಹಾಕಿಲ್ಲ."

"ಹಂಗಾದ್ರೆ ಈ ಬಿಳೀದು ಎಲ್ಲಿಂದ ಬಂತಕ್ಕ, ಆಕಾಶದಿಂದ ಉದುರ್ತಾ?" ಅಂದವನು ನಾನು. ಯಜಮಾನರಲ್ಲ, ನಾನು. ಆ ಮಾತಿನ ಧಾಟಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಕ್ಕ ಇನ್ನೊಂದು ಸಲ ಇಲ್ಲ ಅಂದರು. ಯಜಮಾನರು ಕೂಗಾಡುವವರಲ್ಲ. "ನಾಳೆಯಿಂದ ಬರೋದ್ ಬೇಡಮ್ಮ" ಅಂದರು. ಅಕ್ಕ ನನ್ನ ಮುಖ ನೋಡಿದರು. ನಾನು ಡಬ್ಬ ನೋಡುತ್ತಿದ್ದೆ. ಅವರು ಚೀಲ ತೆಗೆದುಕೊಂಡು ಹೊರಗೆ ಹೋಗಿ, ಮಗಳ ಕಾಲೇಜು ಬಿಡುವ ಹೊತ್ತಾಗಿರಲಿಲ್ಲವಾದ್ದರಿಂದ, ಎದುರಿನ ಅಂಗಡಿಯ ಕಟ್ಟೆಯ ಮೇಲೆ ಸಂಜೆಯವರೆಗೂ ಕೂತಿದ್ದರು. ಗಾಜಿನ ಬಾಗಿಲಿನಿಂದ ಅದು ಕಾಣುತ್ತಿತ್ತು. ಅವರಿಗೆ ಕೋಪ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಳೇ ನೀರೆಲ್ಲ ಚೆಲ್ಲಿ, ಡಬ್ಬ ತೊಳೆದು, ಹೊಸ ನೀರು ತುಂಬಿದೆ. ಬಿಳಿ ಚೂರುಗಳಲ್ಲಿ ನಾಲ್ಕೈದನ್ನು ಒಂದು ಬಾಟಲಿಯ ಮುಚ್ಚಳದಲ್ಲಿ ತೆಗೆದಿಟ್ಟೆ. ಕೆಟ್ಟದ್ದನ್ನು ತೆಗೆದಿಡುವುದು ನನ್ನ ಅಭ್ಯಾಸ. ಮಂಗಳವಾರ, ಬುಧವಾರ ಮೆಷಿನ್ನು ಓಡಿತು. ಇನ್ನೊಂದು ಗಾಜು ತರಿಸಿ ನಾದಸ್ವರದವರನ್ನು ಚೆನ್ನಾಗಿ ಕೂರಿಸಿದೆ. "ನೋಡ್ದಾ, ನೀರು ಬದ್ಲಾಯಿಸಿದ್ದೇ ಸರಿಹೋಯ್ತು" ಅಂದರು ಯಜಮಾನರು. ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ನಾನೊಬ್ಬನೇ ಇದ್ದಾಗ ಕೆಂಪು ಪಟ್ಟಿ ಮತ್ತೆ ಬಂತು. ಯಾರೂ ನೋಡಲಿಲ್ಲ. ಆರಿಸಿ ಹಾಕಿದೆ, ಓಡಿತು. ಯಾರಿಗೂ ಹೇಳಲಿಲ್ಲ.

ಅವತ್ತೇ ಹತ್ತು ಗಂಟೆಯ ಹೊತ್ತಿಗೆ ಅಕ್ಕ ಬಂದರು. ಬಿಟ್ಟುಹೋದ ಊಟದ ಡಬ್ಬಿ ಮತ್ತು ಕೊಡೆ ತೆಗೆದುಕೊಂಡು ಹೋಗುವುದಕ್ಕೆ. ಡಬ್ಬಿ ಚೀಲಕ್ಕೆ ಹಾಕಿಕೊಂಡ ಮೇಲೆ ಹೊರಡಲಿಲ್ಲ.

"ಆ ಬಿಳೀದು ಮಡಗಿದೀರಾ ಅಣ್ಣ? ಒಂದ್ಸಲ ನೋಡ್ಲಾ?"

ಮುಚ್ಚಳ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ಕೆರೆದರು. "ನೀರಿನ್ ಉಪ್ಪಾದ್ರೆ ಹುಳಿಗೆ ಕರಗ್ಬೇಕಲ್ಲ" ಅಂದರು. "ನಾವ್ ಹಂಡೆ ಉಜ್ಜೋದು ಹುಣ್ಸೇಹಣ್ಣಲ್ಲೇ ಅಲ್ವಾ?"

ನನ್ನ ಕಿವಿ ನೆಟ್ಟಗಾಯಿತು. ಹೌದಲ್ಲ! ಇಷ್ಟು ಸುಲಭದ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಅವರು ಎದುರಿನ ಹೋಟೆಲಿಗೆ ಹೋಗಿ ಬಂದರು. ಒಂದು ಕೈಯಲ್ಲಿ ಅರ್ಧ ಹೋಳು ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಕಾಗದದ ಚೂರು, ಅದರ ಮೇಲೆ ಹೋಟೆಲಿನ ನೀರು ಕಾಯಿಸುವ ಪಾತ್ರೆಯಿಂದ ಕೆರೆದು ತಂದ ಬಿಳಿ ಹಕ್ಕಳೆ. ಬೇರೆ ಬೇರೆ ಇಟ್ಟು ಎರಡಕ್ಕೂ ನಿಂಬೆರಸ ಹಿಂಡಿದರು. ಹೋಟೆಲಿನದು ಚೊಯ್ ಅಂತ ಸಣ್ಣಗೆ ಗುಳ್ಳೆ ಬಿಟ್ಟಿತು. ಬಗ್ಗಿ ಕಿವಿಗೊಟ್ಟರೆ ಕೇಳುತ್ತಿತ್ತು. ನಮ್ಮ ಡಬ್ಬದ ಚೂರು ಜಪ್ಪಯ್ಯ ಅನ್ನಲಿಲ್ಲ. ನಿಂಬೆರಸ ಅದರ ಮೇಲೆ ನಿಲ್ಲದೆ ಜಾರಿ ಪಕ್ಕಕ್ಕೆ ಸರಿಯಿತು.

"ಇದು ಉಪ್ಪಲ್ಲ ಅಣ್ಣ" ಅಂದರು ಅಕ್ಕ.

ಯಾಕೆ ಜಾರುತ್ತಿದೆ? ಒಂದು ಚೂರನ್ನು ಬೆರಳಲ್ಲಿ ಹೊಸಕಿದೆ. ಪುಡಿಯಾಗಲಿಲ್ಲ, ಜಿಡ್ಡಾಗಿ ಹರಡಿತು. ಮೂಗಿನ ಹತ್ತಿರ ತಂದೆ. ಅಗಸೆ ಎಣ್ಣೆ. ಅಪ್ಪನ ಶೆಡ್ಡು, ಮೊಪೆಡ್ಡು, ಅವರ ತಟ್ಟೆಯ ಪಕ್ಕದ ಕೈ, ಎಲ್ಲ ಒಂದೇ ಉಸಿರಿಗೆ ಬಂದವು. ಆ ಚೂರು ನಾನೇ ಮೆತ್ತಿದ ಸಫೇದ.

"ಗೊತ್ತಾಯ್ತಾ ಅಣ್ಣ?"

"ನೋಡೋಣ ಅಕ್ಕ. ಎಂಜಿನಿಯರಿಗೆ ತೋರಿಸ್ಬೇಕು" ಅಂದೆ.

ಅವರು ನಿಂಬೆಹೋಳನ್ನು ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಕೊಡೆ ತೆಗೆದುಕೊಂಡು ಹೋದರು.

ಅವರು ಬೀದಿ ತಿರುಗುವವರೆಗೂ ಕಾದು ಬಾಗಿಲು ಅರ್ಧ ಎಳೆದೆ. ಪಂಪು ನಿಲ್ಲಿಸಿ ನಾನು ಹಾಕಿದ ಜಾಯಿಂಟು ಬಿಚ್ಚಿದೆ. ಹೊರಗಿನಿಂದ ನೋಡಿದರೆ ಇನ್ನೂ ಭದ್ರವಾಗಿತ್ತು. ಒಳಬಾಯಿಯಲ್ಲಿ ಮಾತ್ರ ನಾರಿನ ಎಳೆಗಳು ಬೆಕ್ಕಿನ ಮೀಸೆಯ ಹಾಗೆ ಚಾಚಿಕೊಂಡಿದ್ದವು. ಬಿಸಿನೀರು, ಹಸಿರು ಕೂಲಂಟು ಸೇರಿ ಸಫೇದವನ್ನು ಮೆತ್ತಗೆ ಮಾಡಿ ಚೂರು ಚೂರಾಗಿ ಕಳಚಿದ್ದವು. ಮೂರಿಂಚಿನ ಪೈಪಿನಲ್ಲಿ ಇಂಥ ಹತ್ತು ಎಳೆ ಕಳಚಿಕೊಂಡರೂ ನೀರಿನ ರಭಸಕ್ಕೆ ತೋಟಕ್ಕೆ ಹೋಗಿ ಬೀಳುತ್ತಿದ್ದವು. ಇಲ್ಲಿ ಹೋಗುವುದೆಲ್ಲಿಗೆ? ಎಂಜಿನಿಯರು ಬಿಚ್ಚಬೇಡಿ ಅಂದಿದ್ದ ಫ್ಲೋ ಸೆನ್ಸರನ್ನೂ ಬಿಚ್ಚಿದೆ. ಕಡಲೆಬೀಜದಷ್ಟೇ ಇತ್ತು ಚಕ್ರ, ಆರು ರೆಕ್ಕೆ. ಅದರ ನಡುವಿನ ಕಡ್ಡಿಗೆ ಮೂರೇ ಮೂರು ಎಳೆ ನಾರು ಸುತ್ತಿಕೊಂಡು ಮೇಲೆ ಬಿಳಿ ಜಿಡ್ಡು ಕೂತಿತ್ತು. ನೀರು ಹರಿದಾಗ ಎಳೆ ಬಿಗಿದು ಚಕ್ರ ಹಿಡಿದುಕೊಳ್ಳುತ್ತಿತ್ತು, ಪಂಪು ನಿಂತಾಗ ಸಡಿಲವಾಗುತ್ತಿತ್ತು. ಅದಕ್ಕೇ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತಿದ್ದದ್ದು! ಎಷ್ಟು ಚೆಂದದ ಉತ್ತರ. ಸೂಜಿಯಲ್ಲಿ ಎಳೆ ಬಿಡಿಸಿ ಬಾಯಿಂದ ಊದಿದರೆ ಚಕ್ರ ಗಿರ್ ಅಂತ ತಿರುಗಿತು. ನಾನು ಎಷ್ಟೋ ಹೊತ್ತು ಊದಿ ಊದಿ ತಿರುಗಿಸಿದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತೂ ಅಕ್ಕನ ನೆನಪೇ ನನಗೆ ಬರಲಿಲ್ಲ.

ಬಿಳಿ ಟೇಪು ತಂದು ಸುತ್ತಿ ಎಲ್ಲ ಜೋಡಿಸಿದೆ. ಆಮೇಲೆ ಕೆಂಪು ಪಟ್ಟಿ ಬರಲೇ ಇಲ್ಲ. ಶುಕ್ರವಾರ ಯಜಮಾನರು ಮೆಷಿನ್ನಿಗೆ ಊದುಬತ್ತಿ ಬೆಳಗಿ, "ಆಯಮ್ಮ ಇನ್ನೂ ಇದ್ದಿದ್ರೆ ಇದ್ನ ಪೂರ್ತಿ ಹಾಳ್ ಮಾಡ್ತಿತ್ತು ನೋಡು" ಅಂದರು. ಹೂಂ ಅಂದೆ. ಶನಿವಾರವೂ ಹೂಂ ಅಂದೆ. ಹೇಳಿದರೆ ಗಾಜು ಒಡೆದದ್ದೂ ನನ್ನ ತಲೆಗೇ ಬರುತ್ತದೆ ಅನ್ನುವುದಕ್ಕಿಂತ, ಪಂಪು ಗೊತ್ತಿರುವವನು ಅಂತ ಇದ್ದ ಹೆಸರು ಹೋಗುತ್ತದೆ ಅನ್ನುವುದೇ ನನಗೆ ದೊಡ್ಡದಾಗಿತ್ತು. ನಾಚಿಕೆಯಾಗುತ್ತದೆ ಇದನ್ನು ಬರೆಯುವುದಕ್ಕೆ.

ಭಾನುವಾರ ಊರ್ಡಿಗೆರೆಯ ಬಸ್ಸು ಹತ್ತಿದೆ. ಮನೆ ಕೇಳಿಕೊಂಡು ಹೋದರೆ ಜಗುಲಿಯ ಮೇಲೆ ಮಗಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಭಾನುವಾರ ತಾನೇ, ರಜೆ ಅಂದುಕೊಂಡು, ಏನಾದರೂ ಮಾತಾಡಬೇಕಲ್ಲ ಅಂತ, "ಕಾಲೇಜು ಹೆಂಗ್ ನಡೀತಿದೆಯಮ್ಮ?" ಅಂದೆ.

"ಮಂಗಳವಾರದಿಂದ ಹೋಗಿಲ್ಲ" ಅಂದಳು. ತಲೆ ಎತ್ತಲಿಲ್ಲ.

ಅಕ್ಕ ಹೊರಗೆ ಬಂದು ಚಾಪೆ ಹಾಸಿದರು. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ನಾರು, ಸಫೇದ, ಚಕ್ರ, ಎಲ್ಲ. ಅವರು ಅರ್ಧಕ್ಕೇ ತಡೆದರು.

"ಅವತ್ತೇ ಗೊತ್ತಾಯ್ತು ಬುಡಿ ಅಣ್ಣ. ಬೆರಳು ಮೂಸ್ಕೊಂಡ್ರಲ್ಲ, ಆವಾಗ್ಲೇ ನಿಮ್ ಮುಖ ಹಿಂಗಾಯ್ತು. ಗೊತ್ತಿರೋ ವಾಸ್ನೆ ಬಂದ್ರೇನೇ ಮುಖ ಹಂಗಾಗೋದು."

"ಮತ್ತೆ ಯಾಕಕ್ಕ ಕೇಳ್ಲಿಲ್ಲ?"

"ಗೊತ್ತಾಯ್ತಾ ಅಂತ ಕೇಳಿದ್ನಲ್ಲ."

ತಪ್ಪಾಯ್ತಕ್ಕ ಅಂದೆ. ಅವರು ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. "ನನ್ ಮುಂದೆ ಹೇಳಿದ್ರೆ ಏನ್ ಬಂತಣ್ಣ? ನನ್ಗೆ ಗೊತ್ತಿರೋದೇ. ಗೊತ್ತಿಲ್ದಿರೋರ ಮುಂದೆ ಹೇಳಿ. ನಾನೂ ಬತ್ತೀನಿ, ನನ್ ಮುಂದೇನೇ ಹೇಳಿ" ಅಂದರು.

ಸೋಮವಾರ ತಾಯಿ ಮಗಳು ಒಂದೇ ಬಸ್ಸಿಗೆ ಬಂದರು. ಮಗಳು ಕಾಲೇಜಿನ ಕಡೆಗೆ ಹೋಗದೆ ಅಂಗಡಿಯ ಹೊರಗೆ ನಿಂತಳು, ಒಳಗೆ ಏನಾಗುತ್ತದೆಂದು ನೋಡಿಕೊಂಡು ಹೋಗಬೇಕಿತ್ತು ಅವಳಿಗೆ. ಆ ಮೂರು ಎಳೆ ನಾರನ್ನು ಕಾಗದದಲ್ಲಿ ಮಡಿಸಿಟ್ಟಿದ್ದೆ. ಯಜಮಾನರ ಮೇಜಿನ ಮೇಲೆ ಬಿಚ್ಚಿಟ್ಟು, ಇದು ನನ್ನ ಕೆಲಸ, ನೀರಿನದಲ್ಲ, ಅಕ್ಕನದಲ್ಲ ಅಂದೆ. ಅವರು ಎಳೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಯಾವತ್ತು ಗೊತ್ತಾಯ್ತು ಇದು?"

"ಗುರುವಾರ ಸಾರ್."

"ಶುಕ್ರವಾರ ಹೂಂ ಅಂದ್ಯಲ್ಲಪ್ಪ."

ಅದಕ್ಕಿಂತ ಹೆಚ್ಚಿನ ಬೈಗುಳ ಅವರಿಂದ ನಾನು ಕೇಳಿಲ್ಲ. ಅಕ್ಕನ ಕಡೆ ತಿರುಗಿ, "ತಪ್ ತಿಳ್ಕೋಬೇಡಮ್ಮ, ಕೆಲ್ಸ ನೋಡ್ಕೋ" ಅಂದರು. ಹೊರಗೆ ಮಗಳು ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಬೇಗ ಬೇಗ ನಡೆದಳು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಗಾಜು ಒರೆಸಿದರು, ಕಸ ಗುಡಿಸಿದರು, ಮೊದಲಿನ ಹಾಗೇ ತಮಾಷೆ ಮಾಡಿದರು. ಮಾರನೇ ದಿನ ಬೆಳಿಗ್ಗೆ ಡಬ್ಬದಲ್ಲಿ ನೀರು ಗೆರೆಗಿಂತ ಕೆಳಗಿತ್ತು. ಅವರು ಕ್ಯಾನು ತಂದು ಮೆಷಿನ್ನಿನ ಪಕ್ಕ ಇಟ್ಟು, "ಅಣ್ಣ, ಬನ್ನಿ ಇಲ್ಲಿ" ಅಂದರು. ಹೋದೆ. ಕ್ಯಾನಿನ ಮೇಲಿನ ಚೀಟಿ ತೋರಿಸಿದರು, ಮುಚ್ಚಳ ತೆಗೆದು ತೋರಿಸಿದರು, ಆಮೇಲೆ ಸುರಿದರು. "ನೋಡಿದ್ರಾ?" ಅಂದರು. ನೋಡಿದೆ ಅಂದೆ.

ಮಗಳ ಓದು ಮುಗಿದು ಅವಳಿಗೆ ಕೆಲಸ ಸಿಗುವವರೆಗೂ ಅಕ್ಕ ಅಲ್ಲೇ ಇದ್ದರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನನ್ನು ಕರೆಯದೆ ಆ ಡಬ್ಬಕ್ಕೆ ನೀರು ಹಾಕಲಿಲ್ಲ. "ಸಾಕು ಬಿಡಿ ಅಕ್ಕ, ನೀವೇ ಹಾಕಿ" ಅಂತ ಎಷ್ಟೋ ಸಲ ಅಂದೆ. ಕೋಪ ಮಾಡಿಕೊಳ್ಳದೆ, ನಗುತ್ತಲೇ, ಕ್ಯಾನನ್ನು ನೆಲಕ್ಕಿಟ್ಟು ನಾನು ಬರುವವರೆಗೂ ಕಾಯುತ್ತಿದ್ದರು.